ಕೇಬಲ್ಲಿಗೆ ತಿಳಿದ ಭೂಕಂಪ

2020ರ ಜನವರಿ 28ರಂದು ಜಮೈಕಾ ಬಳಿ 7.7 ತೀವ್ರತೆಯ ಭೂಕಂಪವಾಯಿತು. ಅಲ್ಲಿಂದ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ಆಚೆ, ಪೆಸಿಫಿಕ್ ತಳದಲ್ಲಿದ್ದ ಗೂಗಲ್‌ನ ಕ್ಯೂರಿ ಕೇಬಲ್ಲಿನಲ್ಲಿ ಅದರ ನಡುಕ ದಾಖಲಾಯಿತು. ಲಾಸ್ ಏಂಜಲೀಸ್‌ನಿಂದ ಚಿಲಿಯ ವಾಲ್ಪರೈಸೊವರೆಗೆ ಚಾಚಿದ ಆ ಕೇಬಲ್ಲಿಗೆ ಭೂಕಂಪ ಅಳೆಯುವ ಯಾವ ಉಪಕರಣವನ್ನೂ ಜೋಡಿಸಿರಲಿಲ್ಲ. ಅಳತೆಗೆ ಒದಗಿದ್ದು ಡೇಟಾ ಹೊತ್ತೊಯ್ಯುವ ಬೆಳಕೇ.

ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ತುಯ್ಯುತ್ತದೆ ಎಂಬುದು ಅದರ ಧ್ರುವೀಕರಣ. ಕೇಬಲ್ಲಿನೊಳಗೆ ಬೆಳಕು ಸಾಗುವ ಗಾಜಿನ ಎಳೆಯನ್ನು ಹಿಂಡಿದರೆ, ಬಗ್ಗಿಸಿದರೆ ಒಂದು ದಿಕ್ಕಿನ ತುಯ್ತ ಬೇಗ ಸಾಗುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಆಚೆ ತುದಿ ಮುಟ್ಟುವ ಹೊತ್ತಿಗೆ ಧ್ರುವೀಕರಣವೇ ಬದಲಾಗಿರುತ್ತದೆ. ಒತ್ತಡಕ್ಕೆ ಸಿಕ್ಕ ಗಾಜಿನ ಈ ಗುಣವನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಇನ್ನೂರು ವರ್ಷಗಳ ಹಿಂದೆಯೇ ಕಂಡಿದ್ದ.

ದೂರಸಂಪರ್ಕದವರಿಗೆ ಇದು ಬರೀ ತಲೆನೋವು. ರಿಸೀವರು ಈ ಬದಲಾವಣೆಯನ್ನು ಅಳೆದು, ಸರಿಪಡಿಸಿ, ಮುಂದೆ ಸಾಗುತ್ತದೆ. ಕ್ಯಾಲ್‌ಟೆಕ್‌ನ ಭೂಕಂಪಶಾಸ್ತ್ರಜ್ಞ ಝೊಂಗ್ವೆನ್ ಝಾನ್ ಮತ್ತು ಗೂಗಲ್‌ನ ಎಂಜಿನಿಯರುಗಳು ಆ ಅಳತೆಗಳನ್ನೇ ಕೂಡಿಟ್ಟು ನೋಡಿದರು. ಒಂಬತ್ತು ತಿಂಗಳಲ್ಲಿ ಸುಮಾರು 20 ಭೂಕಂಪಗಳು ಅದರಲ್ಲಿ ಕಂಡವು, ಸಾಗರದ ದೊಡ್ಡ ಅಲೆಗಳೂ ಕಂಡವು. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಪ್ರಬಂಧವನ್ನು ಧ್ರುವೀಕರಣದ ಬೆನ್ನುಹತ್ತಿದ ನನ್ನಂಥವರು ಹಬ್ಬದಂತೆ ಓದಿದ್ದೇವೆ.

ನೆಲದ ಮೇಲಿನ ಕೇಬಲ್ಲಿನಲ್ಲಿ ಹೀಗೆ ನಡುಕ ಗುರುತಿಸುವುದು ಕಷ್ಟ. ಬಿಸಿಲು, ಗಾಳಿ, ಸಿಡಿಲು ಎಲ್ಲವೂ ಬೆಳಕನ್ನು ಕದಡುತ್ತವೆ. ಆಳ ಕಡಲಿನಲ್ಲಿ ಉಷ್ಣತೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಸಣ್ಣ ನಡುಕವೂ ಎದ್ದು ಕಾಣುತ್ತದೆ. ಧ್ರುವೀಕರಣದ ಸ್ಥಿತಿಗಳನ್ನು ವಿಜ್ಞಾನಿಗಳು ಪಾಯಿಂಕಾರೆ ಗೋಳವೆಂಬ ಕಲ್ಪಿತ ಗೋಳದ ಮೇಲೆ ಬಿಂದುಗಳಾಗಿ ಗುರುತಿಸುತ್ತಾರೆ. ಭೂಮಿ ನಡುಗಿದಾಗ ಆ ಬಿಂದು ಕದಲುತ್ತದೆ. ಅದೇ ಗೋಳವನ್ನು ಬಳಸಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1956ರಲ್ಲಿ ಯುವಕ ಎಸ್. ಪಂಚರತ್ನಂ ಮಾಡಿದ ಕೆಲಸ ಇಂದು ಜಗತ್ತಿನಾದ್ಯಂತ ಅವರ ಹೆಸರಲ್ಲೇ ಪ್ರಸಿದ್ಧ.

ಕೇಬಲ್ಲಿನಿಂದ ಭೂಕಂಪ ಅಳೆಯುವುದರಲ್ಲಿ ಕೊರತೆಯೂ ಇದೆ. ಕೇಬಲ್ಲಿನ ಉದ್ದಕ್ಕೂ ನಡೆದದ್ದೆಲ್ಲ ಒಟ್ಟಾಗಿ ಒಂದೇ ಅಳತೆಯಾಗಿ ಬರುವುದರಿಂದ, ನಡುಗಿದ್ದು ಎಲ್ಲಿ ಎಂದು ಒಂದು ಕೇಬಲ್ ತಾನೇ ಹೇಳಲಾರದು. ಆದರೂ ಭೂಕಂಪಮಾಪಕಗಳೇ ಅಪರೂಪವಾದ ಸಾಗರತಳದಲ್ಲಿ, ಹೊಸದೇನನ್ನೂ ಹೂಳದೆ ಸಿಗುವ ಈ ಮಾಹಿತಿಯನ್ನು ಬಿಸಾಡುವುದು ಸರಿಯಲ್ಲ.

ಇದರ ಮೂಲತತ್ವವನ್ನು ನೀವೂ ಮನೆಯಲ್ಲೇ ನೋಡಬಹುದು. ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಹಿಡಿದು, ಪೋಲರಾಯ್ಡ್ ತಂಪು ಕನ್ನಡಕದ ಮೂಲಕ ನೋಡಿ. ಬಣ್ಣದ ಪಟ್ಟೆಗಳು ಕಾಣದಿದ್ದರೆ ಕನ್ನಡಕವನ್ನು ತುಸು ತಿರುಗಿಸಿ. ಆಮೇಲೆ ಸ್ಕೇಲನ್ನು ಮೆಲ್ಲಗೆ ಬಗ್ಗಿಸಿ, ಪಟ್ಟೆಗಳು ಜರುಗುತ್ತವೆ.