ಸ್ಟೇಬಲ್ ಎಂಬುದು ಯಾರ ದುಡಿಮೆ?

ಡೆಬಿಯನ್ ಸ್ಟೇಬಲ್ ಹಾಕಿಕೊಳ್ಳಬೇಕೋ, ಆರ್ಚ್‌ನಂಥ ಸದಾ ಹೊಸ ಆವೃತ್ತಿಗೆ ಉರುಳುತ್ತ ಹೋಗುವ ರೋಲಿಂಗ್ ಲಿನಕ್ಸ್‌ಗೆ ಹೋಗಬೇಕೋ ಎಂಬ ವಾದ ಹುಟ್ಟಿದಾಗಲೆಲ್ಲ ಮಾತು ಆವೃತ್ತಿಯ ಸಂಖ್ಯೆಗೇ ಬಂದು ನಿಲ್ಲುತ್ತದೆ. ಹಳತು ಭದ್ರ ಎಂದು ಕೆಲವರು, ಹಳತೇ ಅಪಾಯ ಎಂದು ಕೆಲವರು. ನನಗೆ ಮುಖ್ಯವೆನಿಸುವುದು ಬೇರೆ: ಆ ಸಂಖ್ಯೆಯ ಹಿಂದೆ ದುಡಿಯುವವರು ಯಾರು, ಎಡವಟ್ಟಾದರೆ ಅನುಭವಿಸುವವರು ಯಾರು?

2024ರ ಜುಲೈ 1ರಂದು, ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಗಂಭೀರ ದೋಷವೊಂದು ಬಯಲಾಯಿತು. ಲಾಗಿನ್ ಆಗದವನೂ ದೂರದಿಂದಲೇ ರೂಟ್ ಅಧಿಕಾರ ಪಡೆಯಬಹುದಾದಂಥ ದೋಷ ಅದು. ಆರ್ಚ್ ಬಳಕೆದಾರರಿಗೆ 9.8 ಆವೃತ್ತಿಯೇ ಇಡಿಯಾಗಿ ಬಂತು. ಜೊತೆಗೊಂದು ಎಚ್ಚರಿಕೆಯೂ ಬಂತು: ಅಪ್‌ಡೇಟ್ ಆದ ಕೂಡಲೇ ಎಸ್‌ಎಸ್‌ಎಚ್ ಸೇವೆಯನ್ನು ರೀಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಹೊಸ ಸಂಪರ್ಕಗಳು ಸಿಗುವುದಿಲ್ಲ. ಅದನ್ನು ಓದದೆ ದೂರದ ಸರ್ವರ್ ಅಪ್‌ಡೇಟ್ ಮಾಡಿ ಲಾಗೌಟ್ ಆದವರು ಹೊರಗೇ ಉಳಿದರು. ಡೆಬಿಯನ್ 12ರಲ್ಲಿದ್ದ 9.2 ಮಾತ್ರ 9.2 ಆಗಿಯೇ ಉಳಿಯಿತು. ಸಂಖ್ಯೆಯ ಕೊನೆಗೆ ‘ಡೆಬ್ 12 ಯು 3’ ಎಂಬ ಬಾಲ ಸೇರಿತು, ಅಷ್ಟೆ. ಆದರೆ ಆ ಬಾಲವೇ ಸ್ಟೇಬಲ್‌ನ ಸಾರ. ದುರಸ್ತಿಗೆ ಬೇಕಾದ ಸಾಲುಗಳನ್ನಷ್ಟೇ ಆರಿಸಿ, ಹಳೆಯ ಕೋಡ್‌ಗೆ ಹೊಂದಿಸಿ, ಉಳಿದದ್ದೇನೂ ಕದಲದಂತೆ ಯಾರೋ ಕೂರಿಸಿದ್ದಾರೆ. ರೋಲಿಂಗ್‌ನಲ್ಲಿ ಬಳಕೆದಾರನ ಪಾಲಿಗೆ ಬೀಳುವ ಎಚ್ಚರವನ್ನು ಇಲ್ಲಿ ಪ್ಯಾಕೇಜ್ ನೋಡಿಕೊಳ್ಳುವವರು ಹೊತ್ತಿದ್ದಾರೆ.

ಹಾಗೆಂದು ಆ ಕೈಗಳು ತಪ್ಪೇ ಮಾಡುವುದಿಲ್ಲ ಎಂದಲ್ಲ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಿಂದ, ಒಂದು ಎಚ್ಚರಿಕೆಯ ಸಂದೇಶ ಬಾರದಿರಲೆಂದು, ಎರಡು ಕೋಡ್ ಸಾಲುಗಳನ್ನು ತೆಗೆದುಹಾಕಿದರು. ಪರಿಣಾಮವಾಗಿ ಅದು ರಚಿಸುವ ಒಂದೊಂದು ಬಗೆಯ, ಒಂದೊಂದು ಗಾತ್ರದ ಗೂಢಲಿಪಿ ಕೀಲಿಗೆ ಹೆಚ್ಚೆಂದರೆ 32,768 ಸಾಧ್ಯತೆಗಳಷ್ಟೇ ಉಳಿದವು. ಸಾಮಾನ್ಯ ಕಂಪ್ಯೂಟರ್ ಕೂಡ ಅಷ್ಟನ್ನೂ ಒಂದೊಂದಾಗಿ ಪರೀಕ್ಷಿಸಿಬಿಡಬಲ್ಲದು. ಮೂಲ ತಂತ್ರಾಂಶದಲ್ಲಿ ಇರದ ಈ ದೋಷ ಸ್ಟೇಬಲ್‌ಗೂ ಇಳಿದು, 2008ರ ಮೇ ತಿಂಗಳವರೆಗೆ ಯಾರ ಗಮನಕ್ಕೂ ಬರದೆ ಉಳಿಯಿತು. ಹಳತನ್ನು ಕಾಯುವವರು ಅದನ್ನು ತಿದ್ದಲೂಬೇಕು; ತಿದ್ದುವಲ್ಲೆಲ್ಲ ಅಪಾಯವಿದೆ.

2024ರ ಮಾರ್ಚ್‌ನ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ ಪ್ರಕರಣವನ್ನು ಸ್ಟೇಬಲ್‌ನ ಗೆಲುವೆಂದು ಹೊಗಳಿದವರು ಅರ್ಧ ಕಥೆಯನ್ನಷ್ಟೇ ಹೇಳಿದರು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟಿದ್ದರು. ಡೆಬಿಯನ್ ಸ್ಟೇಬಲ್‌ನಲ್ಲಿ 5.4.1 ಇದ್ದುದರಿಂದ ಅದು ಪಾರಾಯಿತು, ನಿಜ. ಆದರೆ ಹಿಂಬಾಗಿಲನ್ನು ಪತ್ತೆಮಾಡಿದ ಆಂಡ್ರೆಸ್ ಫ್ರಾಯಂಡ್ ಬಳಸುತ್ತಿದ್ದುದು ಡೆಬಿಯನ್‌ನ ಸದಾ ಬದಲಾಗುವ ‘ಸಿಡ್’ ಶಾಖೆಯನ್ನು. ಎಸ್‌ಎಸ್‌ಎಚ್ ಲಾಗಿನ್‌ಗೆ 0.3 ಸೆಕೆಂಡಿನ ಬದಲು 0.8 ಸೆಕೆಂಡು ಹಿಡಿಯುತ್ತಿರುವುದು ಅವರ ಕಣ್ಣಿಗೆ ಬಿತ್ತು, ಬೆನ್ನುಹತ್ತಿ ಹೋದರು. ಹೊಸ ಪ್ಯಾಕೇಜನ್ನು ಮೊದಲು ಮೈಮೇಲೆ ಹಾಕಿಕೊಳ್ಳುವ ಇಂಥವರು ಇಲ್ಲದಿದ್ದರೆ ಅದೇ ಪ್ಯಾಕೇಜ್ ಡೆಬಿಯನ್ 13ರ ಸ್ಟೇಬಲ್‌ಗೂ ಸದ್ದಿಲ್ಲದೆ ಇಳಿಯಬಹುದಿತ್ತು. ರೋಲಿಂಗ್ ಬಳಸುವವರನ್ನು ಹುಚ್ಚರೆಂದು ಕರೆಯುವ ಸ್ಟೇಬಲ್ ಅಭಿಮಾನಿಗಳು ಆ ಋಣವನ್ನು ನೆನೆಯಬೇಕು.

ಇತರರು ನಂಬಿಕೊಂಡಿರುವ ಯಂತ್ರಕ್ಕೆ, ಅಂದರೆ ಆಸ್ಪತ್ರೆಯ ನೋಂದಣಿಗೆ, ಶಾಲೆಯ ಲ್ಯಾಬ್‌ಗೆ, ಊರಾಚೆಯ ಸರ್ವರ್‌ಗೆ, ನಾನು ಹಿಂದೆಮುಂದೆ ನೋಡದೆ ಸ್ಟೇಬಲ್ ಎನ್ನುತ್ತೇನೆ. ಸ್ವಂತ ಲ್ಯಾಪ್‌ಟಾಪ್‌ಗೆ, ಅಪ್‌ಡೇಟ್‌ಗೆ ಮುಂಚೆ ಸೂಚನೆ ಓದುವ ತಾಳ್ಮೆ ಇದ್ದರೆ, ರೋಲಿಂಗ್ ಬಗೆಯ ಓಪನ್‌ಸೂಸೆ ಟಂಬಲ್‌ವೀಡ್. ಓಪನ್‌ಕ್ಯೂಎ ಎಂಬ ಸ್ವಯಂಚಾಲಿತ ಪರೀಕ್ಷೆ ದಾಟಿಯೇ ಅದರ ಅಪ್‌ಡೇಟ್‌ಗಳು ಬರುತ್ತವೆ. ಕೆಟ್ಟರೂ ಸ್ನ್ಯಾಪರ್ ಎಂಬ ಸಾಧನದ ಮೂಲಕ ಹಿಂದಿನ ಸ್ಥಿತಿಗೆ ಮರಳಬಹುದು.

ಸ್ಟೇಬಲ್ ಆರಿಸಿದವರು ತಮ್ಮ ಬ್ರೌಸರ್ ಕಡೆಗೂ ಒಮ್ಮೆ ನೋಡಲಿ; ಅಲ್ಲಿ ಅವರೂ ಹೊಸದರ ಹಿಂದೆಯೇ ಹೋಗುತ್ತಿರುತ್ತಾರೆ. ಫೈರ್‌ಫಾಕ್ಸ್, ಕ್ರೋಮಿಯಂಗಳ ದುರಸ್ತಿಗಳನ್ನು ಹಳೆಯ ಕೋಡ್‌ಗೆ ಹೊಂದಿಸುವುದು ಡೆಬಿಯನ್‌ನ ಸ್ವಯಂಸೇವಕರ ಶಕ್ತಿಗೂ ಮೀರಿದ ಕೆಲಸ. ಹಾಗಾಗಿ ಸ್ಟೇಬಲ್‌ನಲ್ಲೂ ಕ್ರೋಮಿಯಂನ ಹೊಸ ಆವೃತ್ತಿ ಇಡಿಯಾಗಿಯೇ ಬರುತ್ತದೆ. ಫೈರ್‌ಫಾಕ್ಸ್‌ನ ದೀರ್ಘಾವಧಿ ಆವೃತ್ತಿಯೂ ಹಳೆಯದಕ್ಕೆ ಬೆಂಬಲ ನಿಂತಾಗ ಹೊಸದಕ್ಕೆ ಜಿಗಿಯುತ್ತದೆ.