ಹುಲ್ಲು ಕಿತ್ತದ್ದೇ ಸರಿ

ಪೈನ್‌ಹರ್ಸ್ಟ್‌ನ ಎರಡನೇ ನಂಬರಿನ ಗಾಲ್ಫ್ ಕೋರ್ಸನ್ನು ಹೊಗಳುವವರು ಮೊದಲು ಎತ್ತುವುದು ಅದರ ಗ್ರೀನ್‌ಗಳ ಮಾತನ್ನೇ. ಆಮೆಯ ಬೆನ್ನಿನಂತೆ ಉಬ್ಬಿದ ಆ ದಿಬ್ಬಗಳಲ್ಲೇ ವಿನ್ಯಾಸಕ ಡೊನಾಲ್ಡ್ ರಾಸ್‌ನ ಪ್ರತಿಭೆಯೆಲ್ಲ ಇದೆಯಂತೆ. ನನಗೆ ಈ ಭಕ್ತಿ ಅತಿಯೆನಿಸುತ್ತದೆ. ರಾಸ್ ಈ ಕೋರ್ಸನ್ನು 1907ರಿಂದ, 1948ರಲ್ಲಿ ಸಾಯುವವರೆಗೂ ತಿದ್ದುತ್ತಲೇ ಇದ್ದ ಎಂಬುದು ನಿಜ. ಆದರೆ 1930ರ ದಶಕದ ನಡುಭಾಗದವರೆಗೆ ಇಲ್ಲಿದ್ದದ್ದು ಮರಳಿನ ಗ್ರೀನ್‌ಗಳು. ಈಗ ಕಾಣುವ ಉಬ್ಬಿನಲ್ಲಿ ರಾಸ್‌ನದೆಷ್ಟು, ವರ್ಷವರ್ಷವೂ ಮೇಲೆ ಎರಚಿದ ಮರಳಿನದೆಷ್ಟು ಎಂಬ ಜಗಳ ಬಲ್ಲವರ ನಡುವೆ ಹಳೆಯದು.

ರಾಸ್‌ನ ಕೈಚಳಕ ಕಾಣಬೇಕಾದರೆ ನೋಡಬೇಕಾದದ್ದು ಫೇರ್‌ವೇಯ ಅಂಚನ್ನು. 1970ರ ದಶಕದ ಒಡೆಯರು ಅದನ್ನೇ ಅಳಿಸಿಹಾಕಿದ್ದರು: ಉತ್ತರ ಕ್ಯಾರೊಲಿನಾದ ಮರಳುನೆಲಕ್ಕೆ ಬರ್ಮುಡಾ ಹುಲ್ಲು ಹೊದಿಸಿ, ನೀರುಣಿಸಿ, ದಟ್ಟ ರಫ್ ಬೆಳೆಸಿದರು. 2010ರಲ್ಲಿ ಕೋರ್ಸ್ ವಿನ್ಯಾಸಕರಾದ ಬಿಲ್ ಕೂರ್, ಬೆನ್ ಕ್ರೆನ್‌ಶಾ ಬಂದು ಸುಮಾರು 35 ಎಕರೆ ಹುಲ್ಲು ಕಿತ್ತರು. 1943ರ ವೈಮಾನಿಕ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ಹಳೆಯ ನೀರಿನ ಕೊಳವೆಯ ಸಾಲು ಹಿಡಿದು ಫೇರ್‌ವೇಗಳ ನಡುಗೆರೆ ಗುರುತಿಸಿದರು. ಕೆಲಸದ ಜಾಣತನವೆಲ್ಲ ಇಲ್ಲಿದೆ. ಕೊಳವೆಯ ಹತ್ತಿರ ಹಸಿರು, ದೂರ ಸರಿದಂತೆ ಕಂದು, ಆಮೇಲೆ ಬರೀ ಮರಳು, ಅಲ್ಲಲ್ಲಿ ವೈರ್‌ಗ್ರಾಸ್ ಪೊದೆ. ಅಂಚನ್ನು ನಿರ್ಧರಿಸುವುದು ನೀರು, ಕತ್ತರಿಸುವ ಯಂತ್ರವಲ್ಲ. ಸುಮಾರು 1,150 ಇದ್ದ ಸ್ಪ್ರಿಂಕ್ಲರ್‌ಗಳು 450ಕ್ಕೆ ಇಳಿದವು.

ಆಟಕ್ಕೆ ಇದರಿಂದೇನಾಯಿತು? ದಟ್ಟ ರಫ್‌ನಲ್ಲಿ ಯಾರ ಚೆಂಡು ಬಿದ್ದರೂ ಉತ್ತರ ಒಂದೇ: ವೆಜ್ ಹಿಡಿದು ಹೊರಗೆ ಹೊಡೆ. ಮರಳಿನಲ್ಲಿ ಹಾಗಲ್ಲ. ಒಬ್ಬನಿಗೆ ಗಟ್ಟಿನೆಲ ಸಿಕ್ಕಿ ನೇರ ಗ್ರೀನಿಗೇ ಗುರಿಯಿಡಬಹುದು, ಪಕ್ಕದವನ ಚೆಂಡು ಪೊದೆಯ ಬುಡದಲ್ಲಿ ಕೂತಿರುತ್ತದೆ. ಹೊಡೆಯುವುದೋ, ತಗ್ಗಿ ನಡೆಯುವುದೋ ಎಂದು ಪ್ರತಿಸಲವೂ ಯೋಚಿಸಬೇಕು. ಅದೃಷ್ಟಕ್ಕೆ ಇಷ್ಟು ಜಾಗ ಕೊಡಬಾರದು ಎನ್ನುವವರು ಟೇಬಲ್ ಟೆನಿಸ್ ಆಡಲಿ.

2014ರಲ್ಲಿ ಯು.ಎಸ್. ಓಪನ್ ಇಲ್ಲಿಗೆ ಬಂದಾಗ ಟಿ.ವಿ. ಮುಂದೆ ಕೂತವರು ಮೈದಾನ ಒಣಗಿದೆಯೆಂದು ಗೊಣಗಿದರು. ಇವರ ಕಣ್ಣಿಗೆ ಅಗಸ್ಟಾ ಕೋರ್ಸಿನ ಹಸಿರು ಎಷ್ಟು ಒಗ್ಗಿದೆಯೆಂದರೆ ಮರಳುನಾಡಿನಲ್ಲಿ ಮರಳು ಕಂಡರೂ ದೂರು. ಮಾರ್ಟಿನ್ ಕೈಮರ್ ಎಂಟು ಹೊಡೆತಗಳ ಅಂತರದಲ್ಲಿ ಗೆದ್ದದ್ದೇ ತಡ, ರಫ್ ತೆಗೆದು ಕೋರ್ಸನ್ನು ಸಲೀಸು ಮಾಡಿದರು ಎಂದರು ಇನ್ನು ಕೆಲವರು. ಪಾರ್‌ಗಿಂತ ಕೆಳಗೆ ಮುಗಿಸಿದವರು ಅವನೂ ಸೇರಿ ಮೂವರೇ! ಮರುವಾರ ಅದೇ ನೆಲದಲ್ಲಿ ನಡೆದ ಮಹಿಳೆಯರ ಓಪನ್‌ನಲ್ಲಿ ಆ ಗಡಿ ದಾಟಿದ್ದು ಗೆದ್ದ ಮಿಷೆಲ್ ವೀ ಒಬ್ಬಳೇ.

ರಾಸ್‌ನ ಕೋರ್ಸ್ ಇದ್ದಹಾಗೇ ಮರಳಿ ಬಂದಿದೆ ಎಂಬ ಪ್ರಚಾರವನ್ನು ಮಾತ್ರ ನಾನು ಒಪ್ಪಲಾರೆ. ಚಾಂಪಿಯನ್‌ಷಿಪ್ಪಿಗೆಂದು ಅದನ್ನು 7,500 ಗಜಕ್ಕೂ ಮೇಲೆ ಎಳೆದಿದ್ದಾರೆ, ಉಬ್ಬಿದ ಗ್ರೀನ್‌ಗಳನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟಿದ್ದಾರೆ. ಅಂಚಿಗೆ ತೋರಿದ ಧೈರ್ಯವನ್ನು ಗ್ರೀನಿಗೂ ತೋರಬಹುದಿತ್ತು.