ಮಾರುವಂತಿಲ್ಲ, ಬದಲಾಯಿಸಿಕೊಳ್ಳಬಹುದು: ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ನೋಡುವ ಬಗೆ

ಅಗಲ ಎರಡೂವರೆ ಇಂಚು, ಉದ್ದ ಮೂರೂವರೆ ಇಂಚು. ಮಿಲಿಮೀಟರಿನಲ್ಲಿ ಹೇಳುವುದಾದರೆ 64 ಮತ್ತು 89. ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಎಂಬ ಕಲೆಯಲ್ಲಿ ಎಲ್ಲರೂ ಪಾಲಿಸುವ ಕಟ್ಟಳೆ ಈ ಅಳತೆ. ಇದರೊಳಗೆ ಜಲವರ್ಣ ಬಳಿಯಬಹುದು, ಹರಿದ ಕಾಗದ ಅಂಟಿಸಬಹುದು, ಸೂಜಿದಾರ ಓಡಿಸಬಹುದು, ಊದುಬತ್ತಿಯ ತುದಿಯಿಂದ ತೂತು ಸುಡಬಹುದು. ಕೇಳುವವರಿಲ್ಲ. ಎರಡನೆಯ ಕಟ್ಟಳೆಯೂ ಒಂದಿದೆ, ಅದನ್ನು ಮೀರುವವರು ಇದ್ದಾರೆ: ಕಾರ್ಡನ್ನು ಮಾರುವಂತಿಲ್ಲ. ಯಾರದ್ದಾದರೂ ಕಾರ್ಡು ಮೆಚ್ಚಿದಿರೋ, ನಿಮ್ಮದೊಂದು ಕೊಟ್ಟು ಅವರದನ್ನು ತೆಗೆದುಕೊಳ್ಳಬೇಕು.

ಗ್ಯಾಲರಿಯ ಗೋಡೆಗಳನ್ನು ನೋಡಿ ಪಳಗಿದ ಕಣ್ಣಿಗೆ ಇವು ಮೊದಮೊದಲು ಮಕ್ಕಳಾಟಿಕೆಯಂತೆ ಕಾಣುತ್ತವೆ. ಹಲವು ನಿಜಕ್ಕೂ ಹಾಗೆಯೇ ಇರುತ್ತವೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಒಳ್ಳೆಯ ಕಾರ್ಡೊಂದು ಕೈಗೆ ಬಂದಾಗ ಅದನ್ನು ಸವಿಯುವ ಕ್ರಮವೇ ಬೇರೆ. ದೊಡ್ಡ ಚಿತ್ರದ ಮುಂದೆ ನಾವು ಎರಡು ಹೆಜ್ಜೆ ಹಿಂದೆ ಸರಿಯುತ್ತೇವೆ. ಕಾರ್ಡನ್ನು ಎತ್ತಿಕೊಳ್ಳಬೇಕು, ಬೆಳಕಿಗೆ ವಾಲಿಸಬೇಕು, ಮೇಲೆ ಹೆಬ್ಬೆರಳು ಆಡಿಸಬೇಕು, ಆಮೇಲೆ ತಿರುಗಿಸಿ ಬೆನ್ನು ಓದಬೇಕು.

ಇದು ಶುರುವಾದದ್ದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ, 1997ರಲ್ಲಿ. ವಾಂಚಿ ಸ್ಟಿರ್ನೆಮಾನ್ ಎಂಬ ಕಲಾವಿದ ಒಬ್ಬರೇ ಕೂತು 1200 ಕಾರ್ಡುಗಳನ್ನು ಮಾಡಿ, ತಮ್ಮ ಪುಸ್ತಕದಂಗಡಿಯಲ್ಲಿ ಪ್ರದರ್ಶನಕ್ಕಿಟ್ಟರು. ಬೇಕೆಂದವರು ಅದೇ ಅಳತೆಯಲ್ಲಿ ತಾವೇ ಮಾಡಿಕೊಂಡು ಪ್ರದರ್ಶನದ ಕೊನೆಯ ದಿನ ಬರಬೇಕು, ಅಂದು ಬದಲಾಯಿಸಿಕೊಳ್ಳೋಣ ಎಂಬುದು ಅವರ ಏರ್ಪಾಡು. ನೋಡಲು ಬಂದವರು ಹೀಗೆ ಮಾಡುವವರಾದರು. ಚಕ್ ಸ್ಟೇಕ್ ಎಂಬ ಹೆಸರಿನಲ್ಲೂ ಕೆಲಸ ಮಾಡುತ್ತಿದ್ದ ಕೆನಡಾದ ಡಾನ್ ಮೇಬಿ ಇದನ್ನು ಜ್ಯೂರಿಕ್‌ನಲ್ಲಿ ಕಂಡು ಊರಿಗೆ ಹೊತ್ತೊಯ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾಲ್ಗರಿಯ ದಿ ನ್ಯೂ ಗ್ಯಾಲರಿಯಲ್ಲಿ ವಿನಿಮಯದ ಕೂಟ ನಡೆಯಿತು. ಅಲ್ಲಿಂದ ಮುಂದೆ ಅಂಚೆಯೇ ಇದನ್ನು ದೇಶದಿಂದ ದೇಶಕ್ಕೆ ಹಬ್ಬಿಸಿತು.

ಅಳತೆ ಬಂದದ್ದು ಅಮೆರಿಕದ ಹುಡುಗರು ಕೂಡಿಡುವ ಬೇಸ್‌ಬಾಲ್, ಹಾಕಿ ಆಟಗಾರರ ಕಾರ್ಡುಗಳಿಂದ. ಪೋಕರ್ ಆಡುವ ಇಸ್ಪೀಟ್ ಎಲೆಯ ಅಳತೆಯೂ ಇದೇ. ಮನೆಯಲ್ಲಿರುವ ಹಳೆಯ ಇಸ್ಪೀಟ್ ಕಟ್ಟನ್ನೇ ತಳಕ್ಕೆ ಬಳಸೋಣ ಎಂದುಕೊಂಡವರು ಮೊದಲು ಸ್ಕೇಲ್ ಇಟ್ಟು ನೋಡಿ. ಬ್ರಿಜ್ ಆಟದ ಎಲೆಗಳು ಅಗಲದಲ್ಲಿ ಕಾಲು ಇಂಚು ಕಡಿಮೆ ಇರುತ್ತವೆ.

ಆಟದ ಎಲೆಯ ಮೇಲೆ ಕೈಯಾರೆ ಚಿತ್ರ ಬರೆಯುವುದು ಮೈಸೂರಿನವರಿಗೆ ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಆಟಗಳನ್ನು ತಾವೇ ಕಟ್ಟಿ, ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ವಿವರಿಸಿದ್ದಾರೆ. 360 ಎಲೆಗಳ ಆಟವೂ ಅದರಲ್ಲಿದೆ. ಆದರೆ ಗಂಜೀಫಾ ಎಲೆ ತನ್ನ ಕಟ್ಟಿನ ಜೊತೆಗಿದ್ದರೇ ಅರ್ಥ. ಜ್ಯೂರಿಕ್‌ನ ಕಾರ್ಡು ಕಟ್ಟಿನಿಂದ ಬಿಡಿಸಿಕೊಂಡು ಹೊರಟದ್ದು. ಎರಡಕ್ಕೂ ನೆಂಟಸ್ತಿಕೆ ಇಲ್ಲ. ಅಷ್ಟು ಸಣ್ಣ ಜಾಗದಲ್ಲಿ ಕುಂಚ ಹೇಗೆ ನಡೆಯುತ್ತದೆಂದು ಕಲಿಯಲು ಮಾತ್ರ ಗಂಜೀಫಾದಷ್ಟು ಒಳ್ಳೆಯ ಪಾಠ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ.

ನಿಜವಾದ ಹಿರೀಕರು ಬೇರೆ ಇದ್ದಾರೆ. ಜರ್ಮನಿಯ ಕುರ್ಟ್ ಶ್ವಿಟ್ಟರ್ಸ್ 1919ರ ಹೊತ್ತಿಗೆ ಟ್ರಾಮ್ ಟಿಕೇಟು, ಪೊಟ್ಟಣದ ಕಾಗದ, ಅಂಚೆಚೀಟಿಗಳನ್ನು ಅಂಟಿಸಿ ಕೊಲಾಜ್ ಮಾಡತೊಡಗಿದರು. ಅವುಗಳಲ್ಲಿ ಎಷ್ಟೋ ಅಂಗೈಗಿಂತ ತುಸು ದೊಡ್ಡವು, ಅಷ್ಟೆ. ನ್ಯೂಯಾರ್ಕಿನ ರೇ ಜಾನ್ಸನ್ ಅರ್ಧ ಮಾಡಿದ ಚಿತ್ರವನ್ನು ಅಂಚೆಗೆ ಹಾಕಿ, ಇದಕ್ಕೆ ಏನಾದರೂ ಸೇರಿಸಿ ಇಂಥವರಿಗೆ ಕಳಿಸಿ ಎಂದು ಬರೆಯುತ್ತಿದ್ದರು. ರದ್ದಿಯೂ ಬಣ್ಣದಷ್ಟೇ ದೊಡ್ಡ ಸಾಮಗ್ರಿ ಎಂಬ ಮಾತು ಶ್ವಿಟ್ಟರ್ಸ್‌ರಿಂದ, ಕಳಿಸುವುದೂ ಕಲೆಯ ಭಾಗವೇ ಎಂಬ ಮಾತು ಜಾನ್ಸನ್‌ರಿಂದ ಈ ಕಾರ್ಡಿಗೆ ಬಂದಿದೆ.

ಈಗ ಕಾರ್ಡನ್ನು ಕೈಗೆತ್ತಿಕೊಳ್ಳೋಣ.

ಮೊದಲು ಕೇಳಬೇಕಾದದ್ದು: ಈ ಚಿತ್ರಕ್ಕೆ ಈ ಅಳತೆಯೇ ಬೇಕಿತ್ತೆ? ಹಂಪಿಯ ಕಲ್ಲಿನ ರಥವನ್ನು ಚಕ್ರದ ಕೆತ್ತನೆ ಸಮೇತ ಮೂರೂವರೆ ಇಂಚಿಗೆ ಕುಗ್ಗಿಸಿದ ಕಾರ್ಡುಗಳನ್ನು ನಾನು ಕಂಡಿದ್ದೇನೆ. ಕೈಚಳಕಕ್ಕೆ ಶಹಭಾಸ್ ಅನ್ನಬಹುದು, ಎರಡನೇ ಸಲ ನೋಡಲು ಏನೂ ಉಳಿದಿರುವುದಿಲ್ಲ. ಅದೇ ರಥದ ಒಂದು ಚಕ್ರದ ಕಾಲುಭಾಗ ಮಾತ್ರ ಕಾರ್ಡಿನ ಮೂಲೆಯಿಂದ ನುಗ್ಗಿಬಂದಿದ್ದರೆ ಮಿಕ್ಕದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಈ ಅಳತೆಯಲ್ಲಿ ಬಿಡುವುದನ್ನು ಬಲ್ಲವರೇ ಗೆಲ್ಲುತ್ತಾರೆ.

ಆಮೇಲೆ ಪದರಗಳು. ಮಿಶ್ರಮಾಧ್ಯಮದ ರುಚಿ ಇರುವುದು ಇಲ್ಲಿಯೇ. ಕಿಟಕಿಯ ಪಕ್ಕ ಹೋಗಿ ಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಅಡ್ಡಡ್ಡ ಹಿಡಿಯಿರಿ. ಓರೆಬೆಳಕಿನಲ್ಲಿ ಯಾವುದು ಕೆಳಗಿದೆ, ಯಾವುದನ್ನು ಆಮೇಲೆ ಅಂಟಿಸಿದ್ದು, ಎಲ್ಲಿ ಬಣ್ಣ ಬಳಿದು ಮತ್ತೆ ಒರೆಸಿ ತೆಗೆದಿದ್ದಾರೆ, ಎಲ್ಲವೂ ಕಾಣುತ್ತದೆ. ನಾಲ್ಕು ಸುಂದರ ಚೂರುಗಳನ್ನು ಅಕ್ಕಪಕ್ಕ ಅಂಟಿಸಿಟ್ಟರೆ ಅದು ಅಲಂಕಾರ. ಮೇಲಿನ ಚೂರು ಕೆಳಗಿನದನ್ನು ಅರ್ಧ ಮುಚ್ಚಿ, ಆ ಮುಚ್ಚಿದ್ದೇ ನಿಮ್ಮನ್ನು ಕೆಣಕಿದರೆ ಅದು ಕೊಲಾಜ್.

ನನ್ನ ಸಂಗ್ರಹದಲ್ಲಿ ಧಾರವಾಡದ ಗೆಳತಿಯೊಬ್ಬಳು ಕೊಟ್ಟ ಕಾರ್ಡಿದೆ. ತಳ ಕಿರಾಣಿ ಅಂಗಡಿಯ ಹಳೆಯ ಖಾತೆ ಪುಸ್ತಕದ ಹಾಳೆ, ಕೆಂಪು ಗೆರೆ ಹೊಡೆದದ್ದು. ಅದರ ಮೇಲೆ ಗೆಸೊ ಎಂಬ ಬಿಳಿ ತಳಬಣ್ಣ ಬಳಿದು, ಹಸಿ ಇರುವಾಗಲೇ ಬಟ್ಟೆಯಿಂದ ಒರೆಸಿದ್ದಾಳೆ. ಹಾಗಾಗಿ ಬೇಳೆ, ಬೆಲ್ಲದ ಬಾಕಿಗಳು ಮಂಜಿನೊಳಗಿಂದ ಎಂಬಂತೆ ಅಲ್ಲಲ್ಲಿ ಇಣುಕುತ್ತವೆ. ಮಧ್ಯದಲ್ಲಿ ಪಂಚಾಂಗದ ಹಾಳೆಯಿಂದ ಹರಿದು ಮಾಡಿದ ಕಾಗೆ. ಕತ್ತರಿಸಿದ್ದಲ್ಲ, ಹರಿದದ್ದು, ರೆಕ್ಕೆಯಂಚಿನಲ್ಲಿ ಕಾಗದದ ನಾರು ಬಿಳಿಯಾಗಿ ಎದ್ದು ಗರಿಯ ಕೆಲಸ ಮಾಡುತ್ತದೆ. ಕಾಗೆಯ ಮೈಗೆ ಮಸಿ ತೆಳ್ಳಗೆ ಹಚ್ಚಿದ್ದರಿಂದ ಒಳಗೆ ಅಮಾವಾಸ್ಯೆ ಎಂಬ ಅಚ್ಚಿನ ಅಕ್ಷರ ಓದಬಹುದು, ಅದೂ ವಾಲಿಸಿದರೆ ಮಾತ್ರ. ಕೊಕ್ಕಿನಿಂದ ಕಾರ್ಡಿನ ಅಂಚಿನವರೆಗೆ ಕೆಂಪು ದಾರದ ಮೂರು ಹೊಲಿಗೆ. ಅವು ಖಾತೆ ಹಾಳೆಯ ಕೆಂಪು ಗೆರೆಯ ನೇರಕ್ಕೇ ಬಂದಿವೆ. ಅದನ್ನು ಗಮನಿಸಿದ ಮೇಲೆ ಕಾಗೆ, ಪಿತೃಪಕ್ಷ, ತೀರಿಸದ ಬಾಕಿ ಎಲ್ಲವೂ ಒಂದಕ್ಕೊಂದು ತಗುಲಿಕೊಳ್ಳುತ್ತವೆ. ವಿವರಣೆ ಕೇಳಿದರೆ ಅವಳು ನಗುತ್ತಾಳೆ. ಕಾರ್ಡಿನ ಹೆಸರು ‘ಉದ್ರಿ’.

ಇಂಥ ಕೆಲವು ಗುರುತುಗಳನ್ನು ಕಲಿತುಕೊಂಡರೆ ಕಾರ್ಡು ಮಾತಾಡತೊಡಗುತ್ತದೆ. ಅಕ್ಷರ ಅಥವಾ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ಮೇಲೆ ಮಬ್ಬಾದ ನಾರಿನ ಪೊರೆ ಇದೆಯೇ? ಬಹುಶಃ ಜೆರಾಕ್ಸ್ ಪ್ರತಿಯನ್ನು ಅಕ್ರಿಲಿಕ್ ಮೀಡಿಯಂ ಹಚ್ಚಿ ಬೋರಲು ಅಂಟಿಸಿ, ಒಣಗಿದ ಮೇಲೆ ನೀರು ಹಾಕಿ ಬೆರಳಿನಿಂದ ಕಾಗದವನ್ನು ಉಜ್ಜಿ ತೆಗೆದಿದ್ದಾರೆ. ಜೆರಾಕ್ಸಿನ ಟೋನರ್ ಮಾತ್ರ ಉಳಿದು ಚಿತ್ರವಾಗುತ್ತದೆ. ಇಂಕ್‌ಜೆಟ್ ಪ್ರಿಂಟಿನಲ್ಲಿ ಇದೇ ಕೆಲಸ ಮಾಡಹೋದರೆ ಸಾಮಾನ್ಯವಾಗಿ ಶಾಯಿ ಕರಗಿ ಹರಡುತ್ತದೆ. ಹೊಲಿಗೆ ಯಂತ್ರದ ಕೆಲಸವಿದ್ದರೆ ಹೊಲಿಗೆಯ ಅಂತರ ನೋಡಿ. ಬಟ್ಟೆಗೆ ಹಾಕುವಷ್ಟು ಒತ್ತಾಗಿ ಹಾಕಿದರೆ ಕಾಗದ ಅಂಚೆಚೀಟಿಯ ಅಂಚಿನಂತೆ ಹರಿದು ಬರುತ್ತದೆ, ಅನುಭವವಿದ್ದವರು ಉದ್ದುದ್ದ ಹಾಕುತ್ತಾರೆ. ಅಂಗಡಿಯಲ್ಲಿ ಸಿಗುವ ಸ್ಟಿಕರ್, ಮಿಂಚು, ರೆಡಿಮೇಡ್ ಚಿಟ್ಟೆಗಳನ್ನು ಅಂಟಿಸಿದ ಕಾರ್ಡುಗಳ ಬಗ್ಗೆ ನನಗೆ ಒಲವಿಲ್ಲ. ಚಿಟ್ಟೆ ಅಂಟಿಸಬಾರದೆಂದಲ್ಲ. ಅಂಟಿಸಿದವರ ಕೈ ಎಲ್ಲಿಯೂ ಕಾಣದಿದ್ದರೆ ಬದಲಾಯಿಸಿಕೊಳ್ಳುವುದಾದರೂ ಏನನ್ನು?

ಬೆನ್ನನ್ನು ಓದದೆ ಕಾರ್ಡನ್ನು ಕೆಳಗಿಡಬೇಡಿ. ಮಾಡಿದವರ ಹೆಸರು, ಊರು, ತಾರೀಖು, ಕಾರ್ಡಿನ ಹೆಸರು ಅಲ್ಲಿರುತ್ತವೆ. 3/9 ಎಂದಿದ್ದರೆ ಒಂಬತ್ತರ ಗುಂಪಿನಲ್ಲಿ ಇದು ಮೂರನೆಯದು. ಒಂದೇ ಬಗೆಯ ಪ್ರತಿಗಳನ್ನು ಅಚ್ಚೊತ್ತಿ ಮಾಡಿದ್ದರೆ ಆವೃತ್ತಿ, ಒಂದೇ ವಸ್ತುವನ್ನು ಬೇರೆ ಬೇರೆಯಾಗಿ ಮಾಡಿದ್ದರೆ ಸರಣಿ, ಒಂದೇ ಒಂದಿದ್ದರೆ ಮೂಲ. ನನಗೆ ಸರಣಿಗಳೇ ಇಷ್ಟ. ಮೂರನೆಯದನ್ನು ಕಂಡವರಿಗೆ ಮಿಕ್ಕ ಎಂಟು ಯಾರ ಯಾರ ಮನೆಯಲ್ಲಿವೆಯೋ ಎಂಬ ಕುತೂಹಲ ಬಿಡುವುದಿಲ್ಲ.

ಬಾಳಿಕೆಯ ಮಾತನ್ನೂ ರಸಿಕರು ತಿಳಿದಿರಬೇಕು. ಪತ್ರಿಕೆಯ ಕಾಗದ ಹಳದಿಯಾಗುವುದು ಅದರಲ್ಲಿ ಉಳಿದ ಮರದ ಲಿಗ್ನಿನ್‌ನಿಂದ. ಕೆಲವರು ಅದನ್ನು ಬೇಕೆಂದೇ ಬಳಸುತ್ತಾರೆ, ಅದು ದೋಷವಲ್ಲ. ಸೆಲ್ಲೋಟೇಪ್ ಹಾಕಿದ್ದು ದೋಷ. ಕೆಲವು ವರ್ಷಗಳಲ್ಲಿ ಕಂದು ಕಲೆ ಬಿಟ್ಟು ಕಳಚಿಕೊಳ್ಳುತ್ತದೆ. ಮೈದಾ ಅಂಟಿಗೆ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಹುಳವೂ ಬರುತ್ತದೆ. ಫೆವಿಕಾಲ್ ತೆಳ್ಳಗೆ ಹಚ್ಚಿ, ಒಣಗುವವರೆಗೆ ದಪ್ಪ ಪುಸ್ತಕದ ಕೆಳಗಿಟ್ಟರೆ ಕಾರ್ಡು ಸೊಟ್ಟಗಾಗುವುದು ತಪ್ಪುತ್ತದೆ. ಅಕ್ರಿಲಿಕ್ ಬಳಿದ ಎರಡು ಕಾರ್ಡುಗಳನ್ನು ಮುಖಕ್ಕೆ ಮುಖ ಮಾಡಿ ಬೇಸಿಗೆಯಲ್ಲಿ ಇಡಲೇಬಾರದು, ಅಂಟಿಕೊಂಡರೆ ಬಿಡಿಸುವಾಗ ಎರಡೂ ಹಾಳು. ನಡುವೆ ಬಟರ್ ಪೇಪರ್ ಇರಲಿ. ಆಟಗಾರರ ಕಾರ್ಡುಗಳಿಗಾಗಿ ಮಾಡಿದ ಒಂಬತ್ತು ಜೇಬಿನ ಪ್ಲಾಸ್ಟಿಕ್ ಹಾಳೆಗಳಲ್ಲಿ ಇವು ಸರಿಯಾಗಿ ಕೂರುತ್ತವೆ. ಪಿವಿಸಿ ಬೇಡ, ಪಾಲಿಪ್ರೊಪಿಲೀನ್‌ದೇ ಆಗಬೇಕು. ಗುಂಡಿ, ಕವಡೆ ಹೊಲಿದ ಉಬ್ಬು ಕಾರ್ಡುಗಳು ಆ ಜೇಬಿಗೆ ಇಳಿಯುವುದಿಲ್ಲ. ಅವಕ್ಕೆ ಬೆಂಕಿಪೊಟ್ಟಣದಂಥ ಪೆಟ್ಟಿಗೆಯನ್ನು ನೀವೇ ಮಾಡಿಕೊಳ್ಳಬೇಕು.

ಮಾರಾಟದ ಜಗಳಕ್ಕೆ ಬರೋಣ. 2004ರ ಸುಮಾರಿಗೆ ಇದೇ ಅಳತೆಯ ಕಾರ್ಡುಗಳು ಇ-ಬೇ ಹರಾಜಿಗೆ ಬಂದವು. ವಿನಿಮಯದವರು ತಕರಾರು ತೆಗೆಯದಿರಲೆಂದೋ ಏನೋ, ಮಾರುವ ಕಾರ್ಡಿಗೆ ಎಸಿಇಓ ಎಂಬ ಬೇರೆ ಹೆಸರೇ ಬಂತು. ಕಲಾವಿದರಿಗೆ ನಾಲ್ಕು ಕಾಸು ಸಿಗುವುದಾದರೆ ಬೇಡ ಎನ್ನಲು ನಾವ್ಯಾರು? ಆದರೂ ನನ್ನ ಮತ ವಿನಿಮಯದ ಕಡೆಗೇ. ಬೆಲೆ ಬಂದ ಕೂಡಲೇ ಹೂವು, ಬೆಕ್ಕು, ಸೂರ್ಯಾಸ್ತಗಳು ಹೆಚ್ಚುತ್ತವೆ, ಏಕೆಂದರೆ ಅವು ಖರ್ಚಾಗುತ್ತವೆ. ‘ಉದ್ರಿ’ಯಂಥ ಕಾರ್ಡನ್ನು ಹರಾಜಿಗಾಗಿ ಯಾರೂ ಮಾಡಲಾರರು. ಸ್ಟಿರ್ನೆಮಾನ್ ಇಡೀ ಯೋಜನೆಯನ್ನು ಎಲ್ಲರೂ ಕೂಡಿ ನಡೆಸುವ ಒಂದು ಸಾಂಸ್ಕೃತಿಕ ಪ್ರಯೋಗವೆಂದೇ ಕರೆದರು. ಅವರ ಲೆಕ್ಕದಲ್ಲಿ ಕಾರ್ಡಿಗಿಂತ ಕೊಡುಕೊಳ್ಳುವಿಕೆ ದೊಡ್ಡದು.

ಕೂಟದಲ್ಲಿ ಕೂತಾಗಿನ ರಿವಾಜು ಸರಳ. ಒಂದಕ್ಕೆ ಒಂದು. ನನ್ನದಕ್ಕೆ ಮೂರು ದಿನ ಹಿಡಿಯಿತು, ನಿಮ್ಮದು ಅರ್ಧ ಗಂಟೆಯದು ಎಂಬ ತೂಗುವಿಕೆ ಸಲ್ಲದು. ಪಕ್ಕದಲ್ಲಿ ಕೂತವರು ಹತ್ತು ವರ್ಷದ ಮಗುವಾಗಿರಬಹುದು, ಕಲಾಶಾಲೆಯ ಮೇಷ್ಟರಾಗಿರಬಹುದು, ಇಬ್ಬರ ಕಾರ್ಡೂ ಒಂದೇ ಅಳತೆ. ಅಂಚೆಯಲ್ಲಾದರೆ ಎರಡೂ ಬದಿಗೆ ರಟ್ಟು ಕೊಟ್ಟು ಕಳಿಸಿ. ಕೊಟ್ಟು ಕಳಿಸಿದ್ದಕ್ಕೆ ಮರುಟಪಾಲು ತಡವಾದರೆ ತಿಂಗಳೊಪ್ಪತ್ತು ಕಾಯಿರಿ, ಆಮೇಲೆ ಒಂದು ಸಲ ನೆನಪಿಸಿ, ಅಲ್ಲಿಗೆ ಬಿಡಿ. ಕೆಲವರು ಬರೀ ತೆಗೆದುಕೊಳ್ಳುವವರೇ ಇರುತ್ತಾರೆ. ಅದು ಈ ಹವ್ಯಾಸದ ರೋಗವಲ್ಲ, ಲೋಕದ್ದು.

ಇಷ್ಟು ಓದಿದ ಮೇಲೆ ಒಂದು ಕಾರ್ಡು ನೋಡಬೇಕೆನಿಸಿದರೆ ನೀವೊಂದು ಮಾಡಲೇಬೇಕು; ಬೇರೆ ಟಿಕೇಟಿಲ್ಲ. ಕಳೆದ ವರ್ಷದ ಲಗ್ನಪತ್ರಿಕೆಗಳಲ್ಲಿ ದಪ್ಪನೆಯದೊಂದನ್ನು ಆರಿಸಿ, ಕಟ್ಟರ್ ಮತ್ತು ಸ್ಟೀಲ್ ಸ್ಕೇಲ್ ಇಟ್ಟು ಅಳತೆಗೆ ಕೊಯ್ಯಿರಿ. ಹೊಳಪಿದ್ದರೆ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಇಲ್ಲವಾದರೆ ಬಣ್ಣ ಕೂರುವುದಿಲ್ಲ. ಮೇಲೆ ಏನು ಅಂಟಿಸಬೇಕೆಂಬುದು ನಿಮ್ಮ ಮೇಜಿನ ಡ್ರಾಯರಿಗೆ ಬಿಟ್ಟದ್ದು. ಒಂದೇ ಮಾಡಬೇಡಿ, ಮೂರು ಮಾಡಿ. ಒಂದನ್ನು ಕೊಡಲು ಮನಸ್ಸು ಬರುವುದಿಲ್ಲ, ಅದು ನಿಮಗಿರಲಿ. ಎರಡನ್ನು ಬದಲಾಯಿಸಿಕೊಳ್ಳಿ. ಬೆನ್ನಿನ ಮೇಲೆ ಹೆಸರು, ತಾರೀಖು ಬರೆಯುವುದನ್ನು ಮಾತ್ರ ಮರೆಯಬೇಡಿ.